ಹಂದಿಯ ಕೊನೆಮಾತು ಮತ್ತು ನನ್ನ ತಮಟೆ

ನಮ್ಮೂರಲ್ಲಿ ಕಾಡುಹಂದಿ ಸಾಯುವ ಮುಂಚೆ ಮಾತಾಡುತ್ತದೆ. ಬೇರೆ ಊರಿನ ಹಂದಿಗಳು ಬರೀ ಕಿರುಚಿ ಸಾಯುತ್ತವಂತೆ, ಅದನ್ನು ಕೇಳಿದರೆ ನಮಗೇ ವಿಚಿತ್ರವೆನಿಸುತ್ತದೆ. ನಮ್ಮ ಹಂದಿ ಹಾಗಲ್ಲ. ಗುಂಡು ಬಿದ್ದು ಉರುಳಿದ ಮೇಲೆ ಒಂದೆರಡು ನಿಮಿಷ ಪ್ರಾಣ ಹಿಡಿದುಕೊಂಡು, ತನ್ನ ಮೈಯಲ್ಲಿ ಯಾವ ಯಾವ ರೋಗ ಇದೆ, ಎಲ್ಲೆಲ್ಲಿ ಹುಳ ಇದೆ, ಯಾರು ಮುಟ್ಟಬಾರದು, ಯಾವ ಭಾಗ ತಿನ್ನಬಾರದು ಎಂಬುದನ್ನೆಲ್ಲ ಅಚ್ಚುಕಟ್ಟಾಗಿ ಹೇಳಿಯೇ ಕಣ್ಣು ಮುಚ್ಚುತ್ತದೆ. ಸುಳ್ಳು ಹೇಳುವುದಿಲ್ಲ. ಕೊಂದವರ ಆರೋಗ್ಯದ ಮೇಲೆ ಇಷ್ಟು ಕಾಳಜಿ ಇರುವ ಪ್ರಾಣಿ ಲೋಕದಲ್ಲಿ ಇನ್ನೊಂದಿರಲಾರದು. ಅದು ಬಾಯಿ ತೆರೆದ ಕೂಡಲೇ ತಮಟೆ ಬಡಿದು, ಆ ಮಾತು ಯಾರ ಕಿವಿಗೂ ಬೀಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ನನ್ನ ಹೆಸರು ಜವರ. ನಮ್ಮಪ್ಪನೂ ಇದೇ ತಮಟೆ ಬಡಿದವನು. ‘ಅಯ್ಯಾ, ನನ್ನ...’ ಎಂಬಲ್ಲಿಗೆ ಹಂದಿಯ ಮಾತು ಕೇಳಿಸಬೇಕು, ಆ ‘ನನ್ನ’ ಮುಗಿಯುವಷ್ಟರಲ್ಲಿ ಕೋಲು ಚರ್ಮದ ಮೇಲೆ ಬಿದ್ದಿರಬೇಕು. ಇದು ಅಪ್ಪ ನನಗೆ ಹೇಳಿಕೊಟ್ಟ ವಿದ್ಯೆ. ಮೂವತ್ತು ವರ್ಷದಲ್ಲಿ ಒಂದು ಹಂದಿಯೂ ನನ್ನ ಎದುರು ‘ನನ್ನ’ ದಾಟಿ ಮುಂದಕ್ಕೆ ಹೋಗಿರಲಿಲ್ಲ. ಈ ಬಿರುದು ಸಾಲದೆಂಬಂತೆ, ಕತ್ತಿನ ಮಾಂಸ ಯಾವತ್ತೂ ನನ್ನ ಪಾಲು.

‘ಕಿವಿಗೆ ಬೀಳದ ರೋಗ ಮೈಗೆ ಬೀಳದು’ ಎಂಬುದು ನಮ್ಮೂರಿನ ಗಾದೆ. ನೀವು ನಗಬಹುದು. ನಾವಂತೂ ಅದನ್ನು ನಂಬಿಯೇ ಬದುಕಿದವರು. ಬೇಟೆಗೆ ಹೋಗಿ ಬಂದವನಿಗೆ ಸಂಜೆ ಸಂಜೆ ಜ್ವರ ಏರಿ, ಬೆವರು ಕಿತ್ತು, ಎಂಟು ದಿನ ಬಿಟ್ಟು ಮತ್ತೆ ಅದೇ ಜ್ವರ ಬಂದರೆ, ಯಾರೂ ಅಯ್ಯೋ ಅನ್ನುತ್ತಿರಲಿಲ್ಲ. ‘ನಿನಗ್ಯಾಕ್ಲಾ ಬೇಕಿತ್ತು? ಎಲ್ಲೋ ಕೇಳಿಸ್ಕೊಂಡಿದೀಯ’ ಎಂದು ಬಯ್ಯುತ್ತಿದ್ದರು. ಅರೆಬೆಂದ ಮಾಂಸ ತಿಂದು ಮುಖ ಊದಿಸಿಕೊಂಡವನು, ತಾನು ಏನನ್ನೂ ಕೇಳಿಲ್ಲವೆಂದು ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಬೇಕಿತ್ತು. ಆಸ್ಪತ್ರೆಯ ಡಾಕ್ಟರು ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಡಚಿ ಕೊಡುತ್ತಿದ್ದರು. ನಾವು ಅದನ್ನು ಬಿಚ್ಚದೆ ಕೆರೆಗೆ ಹಾಕಿ, ಕೈತೊಳೆದುಕೊಂಡು ಮನೆಗೆ ಬರುತ್ತಿದ್ದೆವು.

ನಮ್ಮ ಬೇಟೆಗಾರರ ಸಂಘದ ಅಧ್ಯಕ್ಷರು ಕಾಳಿಂಗೇಗೌಡರು. ಐದು ವರ್ಷದಿಂದ ಗೌಡರು ಕಾಲು ಅಗಲಿಸಿಕೊಂಡು ನಡೆಯುತ್ತಿದ್ದರು. ಕುರ್ಚಿಯಲ್ಲಿ ಕೂರುವಾಗ ಮುಖ ಹಿಂಡಿ, ಹಲ್ಲು ಕಚ್ಚಿ, ಒಂದು ಮಗ್ಗುಲಿಗೆ ಕೂರುತ್ತಿದ್ದರು. ಅದು ಅಧ್ಯಕ್ಷರ ಗತ್ತು ಎಂದು ಊರು ಒಪ್ಪಿಕೊಂಡಿತ್ತು. ಉಪಾಧ್ಯಕ್ಷರಂತೂ ಏನೂ ಆಗದಿದ್ದರೂ ಹಾಗೆಯೇ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ಹಿರಿಯರು ಮಾಡಿಟ್ಟ ಕಟ್ಟಳೆಯೊಂದಿತ್ತು. ಹಂದಿ ಕೊಯ್ಯುವ ಮುಂಚೆ ‘ಕೇಳುಗ’ ಎಂಬ ಹುದ್ದೆಯವನು ಅದರ ಮೂತಿಯ ಬಳಿ ಕಿವಿಯಿಟ್ಟು ಕೂರಬೇಕು. ಎಲ್ಲ ಕೇಳಿ, ದೋಷವಿಲ್ಲದಿದ್ದರೆ ಕಾಗದದ ಮೇಲೆ ‘ಕೇಳಲಾಗಿದೆ, ದೋಷವಿಲ್ಲ’ ಎಂಬ ಮುದ್ರೆ ಒತ್ತಬೇಕು. ಮುದ್ರೆ ಬೀಳದೆ ಪಾಲು ಹಂಚುವಂತಿಲ್ಲ. ಹುದ್ದೆ ವಂಶಪಾರಂಪರ್ಯ, ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ಹಿರಿಯರು ಬುದ್ಧಿವಂತರಾಗಿದ್ದರು, ಸರಿ. ಅವರ ಮಕ್ಕಳು ಇನ್ನೂ ಬುದ್ಧಿವಂತರಾದರು. ಹಳೆಯ ಕೇಳುಗನ ವಂಶ ನಿಂತುಹೋದಾಗ, ಹೊಸಬನನ್ನು ಆರಿಸಲು ಉಮೇದುವಾರರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೆನ್ನ ಹಿಂದೆ ಪಟಾಕಿ ಸಿಡಿಸಿದರು. ಎಲ್ಲರೂ ಹೌಹಾರಿ ಓಡಿದರು. ಸಿದ್ದಯ್ಯನೊಬ್ಬ ಮಾತ್ರ ಬೀಡಿ ಸೇದುತ್ತಾ ಹಾಗೇ ನಿಂತಿದ್ದ. ಅವನಿಗೇ ಹುದ್ದೆ ಸಿಕ್ಕಿತು. ಆಮೇಲೆ ಇಪ್ಪತ್ತಾರು ವರ್ಷ ಸಿದ್ದಯ್ಯ ಸಾವಿರಾರು ಹಂದಿಗಳ ಮೂತಿಗೆ ಕಿವಿಕೊಟ್ಟು, ಪ್ರತಿಸಲವೂ ತೃಪ್ತಿಯಿಂದ ತಲೆಯಾಡಿಸಿ ಮುದ್ರೆ ಒತ್ತಿದ. ಕಿವುಡನ ಪಕ್ಕದಲ್ಲಿ ತಮಟೆ ಯಾಕೆ ಎಂದು ಕೇಳಬೇಡಿ. ಸುತ್ತ ನಿಂತವರಿಗೆ ಕಿವಿ ಇತ್ತಲ್ಲ.

ಸಿದ್ದಯ್ಯ ಹೋದ ವರ್ಷ ತೀರಿಕೊಂಡ. ಅವನಿಗೆ ಒಬ್ಬಳೇ ಮಗಳು, ಕೆಂಪಾಜಿ. ಗಂಡ ಸತ್ತ ಮೇಲೆ ಹೊಳೆಯಾಚೆ ಊರಿನಲ್ಲಿ ಹನ್ನೆರಡು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು. ಅಪ್ಪನ ತಿಥಿಗೆ ಬಂದವಳು ಇಲ್ಲೇ ಉಳಿದಳು. ಹೆಂಗಸು ಕೇಳುಗಳಾಗಬಹುದೇ ಎಂದು ಸಂಘದಲ್ಲಿ ಗಲಾಟೆಯಾಯಿತು. ಗೌಡರೇ ಎಲ್ಲರನ್ನೂ ಸುಮ್ಮನಾಗಿಸಿದರು.

‘ಸುಮ್ನಿರ್ರಯ್ಯ. ಹನ್ನೆರಡು ವರ್ಷ ಗಿರಣಿ ಸದ್ದಲ್ಲಿ ಇದ್ದವಳು. ಕಿವಿ ಪೂರ್ತಿ ಹೋಗಿರ್ತದೆ. ಅಪ್ಪನಿಗಿಂತ ವಾಸಿ.’

ಎಲ್ಲರೂ ಹೌದಲ್ಲಾ ಎಂದು ತೊಡೆ ತಟ್ಟಿದರು. ಗೌಡರ ತಲೆ ಅಂದರೆ ತಲೆ.

ಕೆಂಪಾಜಿಯ ಮೊದಲ ಹಂದಿ ಲಾಂಟಾನ ಪೊದೆಯ ಪಕ್ಕ ಬಿತ್ತು. ಮುದಿ ಸಲಗ, ಕೋರೆ ಗೇಣುದ್ದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಮೂತಿಗೆ ಕಿವಿಯಿಟ್ಟಳು. ಹಂದಿ ‘ಅಯ್ಯಾ, ನನ್ನ’ ಎಂದಿತು. ನಾನು ಶುರುಮಾಡಿದೆ. ಅವತ್ತು ಏನು ಬಡಿದೆ ಅಂತೀರಿ, ಮರದ ಮೇಲಿನ ಹಕ್ಕಿಗಳೆಲ್ಲ ಎದ್ದುಹೋದವು. ಹಂದಿಯ ಬಾಯಿ ಅಲ್ಲಾಡಿ ಅಲ್ಲಾಡಿ ನಿಂತಿತು. ಗೌಡರು ಕಾಗದ ಚಾಚಿದರು. ಕೆಂಪಾಜಿ ಮಂಡಿ ಕೊಡವಿಕೊಂಡು ಎದ್ದಳು.

‘ದೋಷ ಐತೆ’ ಅಂದಳು.

ಒಬ್ಬರಿಗೂ ಅರ್ಥವಾಗಲಿಲ್ಲ. ಆ ಎರಡು ಪದ ನಾವು ಯಾರೂ ಹುಟ್ಟಿದಾಗಿನಿಂದ ಕೇಳಿದ್ದಲ್ಲ.

‘ಮಾಂಸದಾಗೆ ಹುಳ ಅವಂತೆ’ ಎಂದು ಅವಳು ಸರಾಗವಾಗಿ ಒಪ್ಪಿಸತೊಡಗಿದಳು. ‘ಕಣ್ಣಿಗೆ ಕಾಣಾಕಿಲ್ವಂತೆ. ಒಳಗಿನ ಕೆಂಪು ಪೂರ್ತಿ ಹೋಗೋವರ್ಗೂ ಬೇಯಿಸ್ಬೇಕಂತೆ. ಕೆಂಡದ ಮೇಲೆ ಇಟ್ಟು ಹಸಿಬಿಸಿ ತಿಂದ್ರೆ ಮೈಕೈ ಹಿಡ್ಕಂಡು ಮುಖ ಊದ್ತದಂತೆ. ರಕ್ತದಾಗೂ ರೋಗ ಐತಂತೆ. ಕೈಮೇಲೆ ಗಾಯ ಇರೋರು ಬರಿಗೈಲಿ ಕೊಯ್ಯಬ್ಯಾಡಿ ಅಂತು. ಅದು ಮೈಗೆ ಹೊಕ್ರೆ ಬಿಟ್ಟು ಬಿಟ್ಟು ಜ್ವರ ಬರ್ತದಂತೆ, ಗಂಡಸರಿಗಾದ್ರೆ ಬೀಜ ಊದ್ಕಂಡು ನಡೆಯಾಕೂ ಆಗಾಕಿಲ್ವಂತೆ...’

ಬೇಡ ಬೇಡವೆಂದರೂ ಎಲ್ಲರ ಕಣ್ಣು ಗೌಡರ ಕಾಲಿನ ಕಡೆ ಹೋಯಿತು. ಗೌಡರು ಬೇಗ ಬೇಗ ಕಾಲು ಕೂಡಿಸಲು ಹೋಗಿ, ‘ಅಯ್ಯಪ್ಪಾ’ ಎಂದು ಮತ್ತೆ ಅಗಲಿಸಿದರು.

‘ನಿಲ್ಸವ್ವಾ!’ ಎಂದು ಕಿರುಚಿ ಎರಡೂ ಕಿವಿ ಮುಚ್ಚಿಕೊಂಡರು. ಉಳಿದವರೂ ಮುಚ್ಚಿಕೊಂಡರು. ಹದಿನೆಂಟು ಜನ ಗಂಡಸರು, ಹೆಗಲಲ್ಲಿ ಕೋವಿ, ಕಿವಿಯಲ್ಲಿ ಬೆರಳು. ಆವತ್ತು ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಮೂವತ್ತು ವರ್ಷದ ತಮಟೆ ಒಬ್ಬ ಗಿರಣಿಯವಳ ಕಿವಿಯ ಮುಂದೆ ಸೋತುಹೋಗಿತ್ತು.

ದಾರಿಯಲ್ಲಿ ಅವಳನ್ನೇ ಕೇಳಿದೆ. ‘ಹೆಂಗೆ ಕೇಳಿಸ್ತವ್ವಾ ನಿಂಗೆ?’

‘ಗಿರಣಿ ಬೆಲ್ಟು ಹೊಡ್ಕತಿರೋವಾಗ್ಲೇ ಅಲ್ವಾ ಜವರಣ್ಣ ಜನ ಬಂದು ರಾಗಿ ನಂದು, ನುಣ್ಣಗೆ ಬೀಸು, ಜೋಳ ಅವಳ್ದು, ತರಿ ಮಾಡು ಅನ್ನೋದು? ಸದ್ದು ಮೇಲಿರ್ತದೆ, ಮಾತು ಕೆಳಗಿರ್ತದೆ. ಅಭ್ಯಾಸ ಆದ್ರೆ ಮಾತೊಂದೇ ಕೇಳಿಸ್ತದೆ’ ಅಂದಳು. ಹೆಮ್ಮೆಯೇನೂ ಇರಲಿಲ್ಲ ಅವಳ ದನಿಯಲ್ಲಿ. ನನ್ನ ಮೈಯೆಲ್ಲ ಉರಿಯಿತು.

ಆ ಸಲಗವನ್ನು ಗುಂಡಿ ತೆಗೆದು ಹೂಳಬೇಕಾಯಿತು. ಹೂಳುವಾಗ ಇಬ್ಬರು ಅತ್ತರು. ಸಂಘ ಸಭೆ ಸೇರಿ, ಕೇಳುಗರು ಕೇಳಿದ್ದನ್ನು ಬಾಯಿಬಿಟ್ಟು ಹೇಳಕೂಡದು ಎಂದು ಠರಾವು ಮಾಡಿತು. ‘ಆಯ್ತು, ಹೇಳೋದಿಲ್ಲ. ಮುದ್ರೆನೂ ಒತ್ತೋದಿಲ್ಲ’ ಎಂದಳು ಕೆಂಪಾಜಿ. ಮುಂದಿನ ಮೂರು ಹಂದಿಗಳೂ ಮಣ್ಣಿಗೇ ಹೋದವು. ಊರು ಊರಾಗಿ ಉಳಿಯಲಿಲ್ಲ. ಎರಡು ಬೀಗರೂಟ ಮುಂದಕ್ಕೆ ಹೋದವು. ಹೆಂಡದಂಗಡಿಯಲ್ಲಿ ಜನ ನೆಂಚಿಕೊಳ್ಳಲು ಏನೂ ಇಲ್ಲದೆ ಉಪ್ಪು ನೆಕ್ಕುತ್ತಾ ಕೆಂಪಾಜಿಯ ಅಪ್ಪನನ್ನು ನೆನೆದು ಕಣ್ಣೀರು ಹಾಕಿದರು. ‘ಎಂಥಾ ಕೇಳುಗ ಅವ್ನು! ಒಂದು ದಿನಾನಾದ್ರೂ ಏನಾದ್ರೂ ಕೇಳಿಸ್ಕೊಂಡ್ನಾ?’

ಆಗಲೇ ಒಂದು ಮಧ್ಯಾಹ್ನ ಗೌಡರು ನನ್ನ ಮನೆ ಬಾಗಿಲಿಗೆ ಬಂದದ್ದು. ಅಧ್ಯಕ್ಷರು ಬಂದರೆ ನಾನು ಗಡಿಬಿಡಿಯಿಂದ ಎದ್ದು ನಿಲ್ಲಬೇಕು, ಎದ್ದು ನಿಲ್ಲಲಿಲ್ಲ, ಯಾಕೆಂದರೆ ನನ್ನ ಪಾದದ ಮೇಲೆ ಗೆಜ್ಜೆ ಮಲಗಿದ್ದಳು.

ಗೆಜ್ಜೆ ನನ್ನ ನಾಯಿ. ಹೆಂಡತಿ ತೀರಿಕೊಂಡ ವರ್ಷ ಗೊಬ್ಬರದ ಸೊಪ್ಪಿನ ಕುಣಿಯಲ್ಲಿ ಸಿಕ್ಕ ಮರಿ. ಬೇಟೆಯಲ್ಲಿ ಸೋವಿಗೆ, ಅಂದರೆ ಹಂದಿಯನ್ನು ಪೊದೆಯಿಂದ ಎಬ್ಬಿಸಿ ಅಟ್ಟುವುದಕ್ಕೆ, ಅವಳಂಥ ನಾಯಿ ಹತ್ತೂರಲ್ಲಿ ಇರಲಿಲ್ಲ. ಮನೆಯಲ್ಲಿ ಮಾತ್ರ ಮಹಾ ಸೋಮಾರಿ. ನಾನು ಕೂತರೆ ಪಾದದ ಮೇಲೆ ಗದ್ದ ಇಟ್ಟು ಮಲಗುವಳು, ಕಾಲು ಜೋಮು ಹಿಡಿದರೂ ನಾನು ತೆಗೆಯುತ್ತಿರಲಿಲ್ಲ. ನಾಚಿಕೆ ಯಾಕೆ, ಹೇಳಿಬಿಡುತ್ತೇನೆ: ಆ ಮನೆಗೆ ನಾನು ಸಂಜೆ ಹಿಂತಿರುಗುತ್ತಿದ್ದದ್ದೇ ಅವಳಿದ್ದಾಳೆಂದು.

‘ಭಾನುವಾರದ ಬೇಟೆಗೆ ಗೆಜ್ಜೆನ ಸಂಘದ ಹಿರೀನಾಯಿ ಮಾಡ್ಬೇಕು ಅಂತಿದೀನಿ ಕಣ್ಲಾ’ ಎಂದರು ಗೌಡರು. ‘ನನ್ನ ಹುಲಿನೂ ಅವಳ ಹಿಂದೆ. ಮೊದಲ ನಾಯಿಪಾಲು ಅವಳಿಗೆ.’

ಹುಲಿ ಎಂದರೆ ಗೌಡರ ನಾಯಿ, ಸೋಫಾದ ಮೇಲೆ ಮಲಗುವಂಥದು. ಗೌಡರಿಗೆ ಮಕ್ಕಳಿಲ್ಲ, ಹುಲಿಯ ಹುಟ್ಟಿದಹಬ್ಬಕ್ಕೆ ಊರಿಗೆಲ್ಲ ಲಾಡು ಹಂಚಿದ್ದರು. ನಾಯಿಪಾಲು ಎಂದರೆ ಹಂದಿಯ ಹೊಟ್ಟೆ ಬಗೆದ ಕೂಡಲೇ ಬಿಸಿಬಿಸಿ ಗುಂಡಿಗೆ, ಕರುಳುಗಳನ್ನು ಹಸಿಯಾಗಿ ಮುತ್ತುಗದ ಎಲೆಯ ಮೇಲಿಟ್ಟು, ಎಲ್ಲರೂ ಎದ್ದುನಿಂತು ನಾಯಿಗೆ ಬಡಿಸುವುದು. ನಮ್ಮಪ್ಪನ ಕಾಲದಿಂದ ನಮ್ಮ ಮನೆಯ ಒಂದು ನಾಯಿಗೂ ಆ ಮರ್ಯಾದೆ ಸಿಕ್ಕಿರಲಿಲ್ಲ.

‘ನಿಂದೊಂದೇ ಕೆಲ್ಸ’ ಎಂದರು ಗೌಡರು. ‘ಆ ಗಿರಣಿಯವಳಿಗೆ ಕೇಳಿಸ್ಬಾರ್ದು.’

ಭಾನುವಾರ ಗೆಜ್ಜೆಯೇ ಹಂದಿಯನ್ನು ಎಬ್ಬಿಸಿದಳು. ಎಳೆಯ ಹೆಣ್ಣುಹಂದಿ, ಕೊಬ್ಬಿದ್ದು. ಗುಂಡು ಬಿದ್ದ ಮೇಲೆ ನಾನು ಹೋಗಿ ಕೆಂಪಾಜಿಯ ತಲೆಯ ಪಕ್ಕವೇ ಕುಕ್ಕರುಗಾಲಲ್ಲಿ ಕೂತೆ. ತಮಟೆಯನ್ನು ಅವಳ ಕಿವಿಗೆ ಅಂಟಿಸಿದ ಹಾಗೆ ಹಿಡಿದು ಬಡಿದೆ. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು. ಮುಖವೆಲ್ಲ ಕಿವುಚಿಕೊಂಡಿತು. ಇದ್ದಕ್ಕಿದ್ದ ಹಾಗೆ ಕಣ್ಣು ಬಿಟ್ಟು ನನ್ನ ತೋಳು ಹಿಡಿದಳು.

‘ಒಂದ್ಗಳಿಗೆ ನಿಲ್ಸಣ್ಣ, ನಾಯಿ ಅಂತ ಏನೋ ಹೇಳ್ತಾ ಐತೆ!’

ನನಗೆ ಅವಳ ಬಾಯಿ ಕಂಡಿತು, ಮಾತೂ ಕೇಳಿಸಿತು. ಇಲ್ಲವೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ತಲೆಯೆತ್ತಿ ನೋಡಿದೆ. ಗೌಡರು ನೋಡುತ್ತಿದ್ದರು, ಸಂಘ ಪೂರ್ತಿ ನೋಡುತ್ತಿತ್ತು, ಮುತ್ತುಗದ ಎಲೆ ಹಾಸಿ ಸಿದ್ಧವಾಗಿತ್ತು, ಗೆಜ್ಜೆ ಕಿವಿ ನಿಮಿರಿಸಿ ನಿಂತಿದ್ದಳು. ನಾನು ಕೆಂಪಾಜಿಯ ಕೈ ಕೊಡವಿ ಇನ್ನೂ ಜೋರಾಗಿ ಬಡಿದೆ. ಹಂದಿ ಸತ್ತಿತು.

‘ಏನಂತವ್ವ?’ ಎಂದರು ಗೌಡರು ನಗುತ್ತಾ.

‘ನಂಗೆ ಕೇಳಿಸ್ಲಿಲ್ಲ.’

‘ಕೇಳಿಸ್ಲಿಲ್ಲ ಅಂದ್ರೆ ದೋಷ ಇಲ್ಲ ಅಂತ್ಲೇ ತಾನೆ?’ ಗೌಡರು ಅವಳ ಚೀಲಕ್ಕೆ ತಾವೇ ಕೈಹಾಕಿ ಮುದ್ರೆ ತೆಗೆದು ಕಾಗದಕ್ಕೆ ಒತ್ತಿದರು. ಜನ ಹೋ ಎಂದರು. ಚೂರಿಗಳು ಹೊರಬಂದವು.

ನನ್ನ ಕೈಗೆ ಎಲೆ ಕೊಟ್ಟರು. ಗುಂಡಿಗೆ ಇನ್ನೂ ಬೆಚ್ಚಗಿತ್ತು, ಹಬೆಯಾಡುತ್ತಿತ್ತು. ಕೆಂಪಾಜಿ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದಳು.

‘ಏನಂತು ಗೊತ್ತಿಲ್ಲ ಜವರಣ್ಣ. ನಾಯಿ ಅಂದಿದ್ದು ಮಾತ್ರ ದಿಟ. ನಿನ್ ಕಾಲು ಹಿಡ್ಕತೀನಿ, ಗೆಜ್ಜೆಗೆ ಹಾಕ್ಬ್ಯಾಡ. ಬೇಯಿಸಿ ಬೇಕಾದ್ರೆ ಹಾಕು.’

ಹಾಕಬಾರದಿತ್ತು. ಎಲೆಯನ್ನು ಕೈಜಾರಿ ಬೀಳಿಸಿಕೊಂಡೆ ಅನ್ನಬಹುದಿತ್ತು, ಬೆಂಕಿಗೆ ಎಸೆಯಬಹುದಿತ್ತು, ಗೆಜ್ಜೆಯನ್ನು ಎತ್ತಿಕೊಂಡು ಮನೆಗೆ ಓಡಬಹುದಿತ್ತು. ಹದಿನೆಂಟು ಜನ ಟೋಪಿ ತೆಗೆದು ನಿಂತಿದ್ದರು. ನನ್ನ ನಾಯಿಗೆ, ಈ ತಮಟೆಯವನ ನಾಯಿಗೆ! ‘ಹೋಗವ್ವ, ಹೊಟ್ಟೆಕಿಚ್ಚು ನಿಂಗೆ’ ಎಂದುಬಿಟ್ಟೆ. ಎಲೆ ಇಟ್ಟೆ. ಗೆಜ್ಜೆ ಮೊದಲು ನನ್ನ ಮುಖ ನೋಡಿ, ನಾನು ಹೂಂ ಅಂದ ಮೇಲೆ ಬಾಯಿ ಹಾಕಿದಳು. ಅಷ್ಟರಲ್ಲಿ ಗೌಡರ ಹುಲಿ ತನ್ನ ಸರದಿ ಕಾಯದೆ ನುಗ್ಗಿ, ಒಂದು ತುಂಡು ಕರುಳನ್ನು ಕಸಿದುಕೊಂಡು ಓಡಿತು. ಎಲ್ಲರೂ ನಕ್ಕರು. ಊರಿನವರ ಖುಷಿ ನೋಡಬೇಕಿತ್ತು ನೀವು.

ನಾಲ್ಕನೆಯ ದಿನ ಬೆಳಿಗ್ಗೆ ಗೆಜ್ಜೆ ಗಂಜಿ ಮುಟ್ಟಲಿಲ್ಲ. ಮುಂಗಾಲಿನಿಂದ ಕೆನ್ನೆ ಕೆರೆದುಕೊಳ್ಳುತ್ತಿದ್ದಳು. ಚಿಗಟ ಇರಬೇಕೆಂದು ಬೇವಿನೆಣ್ಣೆ ಹಚ್ಚಿದೆ. ಹೊತ್ತು ಏರುವಷ್ಟರಲ್ಲಿ ಕೆರೆತ ನಿಲ್ಲದಾಯಿತು. ಕೆನ್ನೆಯನ್ನು ಗೋಡೆಗೆ ಉಜ್ಜಿದಳು, ಹೊಸ್ತಿಲಿಗೆ ಉಜ್ಜಿದಳು, ಕೂದಲು ಹೋಗಿ ಚರ್ಮ ಕಿತ್ತು ಬಂದರೂ ಉಜ್ಜಿದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನಾನು ತಲೆ ಹಿಡಿದರೆ ನನ್ನನ್ನು ಕಚ್ಚಲಿಲ್ಲ, ತನ್ನ ಕಾಲನ್ನೇ ಕಚ್ಚಿಕೊಂಡಳು.

ಕೆಂಪಾಜಿಯ ಮನೆಗೆ ಓಡಿದೆ. ‘ಏನು ಹೇಳ್ತವ್ವಾ ಹಂದಿ? ನಾಯಿ ಅಂದ ಮೇಲೆ ಏನಂತು? ಮದ್ದೇನಾದ್ರೂ ಹೇಳ್ತಾ?’

ಅವಳು ನನ್ನ ಮುಖವನ್ನೇ ನೋಡಿದಳು. ಬಯ್ದಿದ್ದರೆ ಚೆನ್ನಾಗಿತ್ತು.

‘ನೀನು ಬಡೀತಿದ್ಯಲ್ಲಣ್ಣ’ ಅಂದಳು, ಅಷ್ಟೇ. ಆಮೇಲೆ ಸೆರಗು ಹೊದ್ದು, ‘ನಡಿ, ದನದ ಡಾಕ್ಟ್ರ ತಾವ ಹೋಗಾನ’ ಎಂದು ತಾನೇ ಮುಂದೆ ನಡೆದಳು. ಗೆಜ್ಜೆಯನ್ನು ಗೋಣಿಯಲ್ಲಿ ಸುತ್ತಿ ನಾನು ಹೊತ್ತುಕೊಂಡೆ.

ಡಾಕ್ಟರು ನೋಡಿದರು. ರೂಢಿಯಂತೆ ಚೀಟಿ ಬರೆದು, ನಾಲ್ಕು ಮಡಿಕೆ ಮಡಚಿ ಕೊಟ್ಟರು. ನಾನು ಚೀಟಿಯನ್ನು ಅವರ ಮೇಜಿನ ಮೇಲೆಯೇ ಇಟ್ಟು, ‘ಬಾಯಲ್ಲಿ ಹೇಳಿ ಸಾರ್’ ಎಂದೆ. ಅವರು ಗಾಬರಿಯಿಂದ ಕಿಟಕಿ ಬಾಗಿಲು ಹಾಕಿ ಬಂದರು. ಹುದ್ದೆಗೆ ಬಂದು ಒಂಬತ್ತು ವರ್ಷವಾಗಿದ್ದರೂ ಅವರು ರೋಗದ ಮಾತಾಡಿದ್ದು ಅದೇ ಮೊದಲು ಅಂತ ಕಾಣುತ್ತದೆ.

‘ಹುಚ್ಚುನಾಯಿ ರೋಗದ ಹಂಗೇ ಕಾಣ್ತದೆ, ಅದಲ್ಲ ಇದು. ಹಂದಿಯಿಂದ ಬರೋದು. ಹಂದಿ ಒಳಗಿಟ್ಕೊಂಡು ಆರಾಮಾಗಿ ಓಡಾಡ್ಕೊಂಡಿರ್ತದೆ. ಮನುಷ್ಯರಿಗೆ ಏನೂ ಮಾಡೋದಿಲ್ಲ. ನಾಯಿ ಹಸಿ ಮಾಂಸ, ಕರುಳು ತಿಂದ್ರೆ ಮುಗೀತು. ನರಕ್ಕೆ ಹತ್ತಿಬಿಡ್ತದೆ. ಮದ್ದಿಲ್ಲ ಜವರಣ್ಣ. ನಾಳೆ ಮಧ್ಯಾಹ್ನದವರೆಗೆ ಇದ್ರೆ ಹೆಚ್ಚು.’ ಸೂಜಿಯ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು, ‘ನೋವು ಗೊತ್ತಾಗದ ಹಾಗೆ ಸೂಜಿ ಕೊಡ್ತೀನಿ, ಬೇಕಾದ್ರೆ’ ಎಂದರು.

ಬೇಯಿಸಿದ್ದರೆ ಬದುಕುತ್ತಿದ್ದಳಾ ಎಂದು ಕೇಳಿದೆ. ತಲೆಯಾಡಿಸಿದರು. ಒಂದು ಗಳಿಗೆ. ಅಷ್ಟೇ ಕೇಳಿದ್ದಳು ಕೆಂಪಾಜಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನ ಒಲೆ ಡಾಕ್ಟರ ಮೇಜಿನ ಮುಂದೆ ಉರಿಯಿತು. ಗಂಡಸು ಅನ್ನುವುದನ್ನು ಮರೆತು ಬಿಕ್ಕಿ ಬಿಕ್ಕಿ ಅತ್ತೆ.

ಸೂಜಿ ಹಾಕಿಸಿಕೊಂಡು ಮನೆಗೆ ತಂದೆ. ಕೆರೆತ ನಿಂತಿತು. ಗೆಜ್ಜೆ ನನ್ನ ಮಡಿಲಲ್ಲಿ ಉಸಿರಾಡುತ್ತಿದ್ದಳು. ಬಗ್ಗಿ ಅವಳ ಮೂತಿಗೆ ಕಿವಿಯಿಟ್ಟೆ. ಏನಾದರೂ ಹೇಳಲಿ ಎಂದು ಬೇಡಿಕೊಂಡೆ. ಮುಂಡೇಮಗನೇ ಅಂತಲಾದರೂ ಬಯ್ಯಲಿ. ಸಂಜೆಯವರೆಗೂ ಹಾಗೇ ಕೂತಿದ್ದೆ. ನಮ್ಮೂರಲ್ಲಿ ಮಾತಾಡುವುದು ಹಂದಿ ಮಾತ್ರ. ನಾಯಿಗಳು ಹಾಗೇ ಸಾಯುತ್ತವೆ.

ಮಾರನೆಯ ದಿನ ಸಂಘದಿಂದ ಕರೆ ಬಂತು. ಸಮಾಧಾನ ಹೇಳಲು ಕರೆದಿದ್ದಾರೆಂದು, ಸಭೆಗೆ ಯಾವತ್ತೂ ಹೋಗುವ ಹಾಗೆ ತಮಟೆ ಹೆಗಲಿಗೆ ಹಾಕಿಕೊಂಡು ಹೋದೆ. ಹೇಳಿದರು ಕೂಡ, ಎರಡು ನಿಮಿಷ ಎದ್ದುನಿಂತು ಮೌನ ಆಚರಿಸಿದರು. ಆಮೇಲೆ ಕಾರ್ಯದರ್ಶಿ ಒಂದು ಕಾಗದ ಓದಿದರು. ‘ಜವರನು ತಮಟೆ ಬಾರಿಸುವ ಸಮಯದಲ್ಲಿ ಹಂದಿಯ ಮಾತನ್ನು ಕದ್ದು ಕೇಳಿಸಿಕೊಂಡದ್ದರಿಂದ ಅವನ ನಾಯಿ ಮೃತಪಟ್ಟಿರುತ್ತದೆ. ಇದಕ್ಕೆ ಅವನೇ ಹೊಣೆ.’ ಕೆಳಗೆ ನನ್ನ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದರು.

ಕೆಂಪಾಜಿ ಕೇಳುಗಳೆಂಬ ಹಕ್ಕಿನಿಂದ ಕಿಟಕಿಯ ಪಕ್ಕ ಕೂತಿದ್ದಳು. ಮೇಜಿನಾಚೆ ಗೌಡರು ಒಂದು ಮಗ್ಗುಲಿಗೆ ಕೂತಿದ್ದರು. ಹುಲಿ ಎಂದಿನಂತೆ ಅವರ ಕಾಲ ಬುಡದಲ್ಲಿ ಮಲಗಿತ್ತು.

‘ಒತ್ತಲಾ’ ಎಂದರು ಗೌಡರು, ತುಂಬ ಮೆತ್ತಗೆ. ‘ನಿನ್ನ ಸಂಕ್ಟ ನಂಗೊತ್ತಾಗ್ತದೆ. ಹುಲಿಗೆ ಮರಿ ಹುಟ್ಟಿದ್ರೆ ಮೊದಲ್ನೇದು ನಿಂಗೇ. ನೀನು ಕೇಳಿಸ್ಕೊಂಡಿದ್ದೆ ಅಂತ ಒಪ್ಕೊ, ಮುಗೀತು. ಇಲ್ಲಾಂದ್ರೆ ಊರು ಏನ್ ತಿಳ್ಕೊಬೇಕು? ಕೇಳದೇ ಇದ್ರೂ ಬರ್ತದೆ ಅಂತಲ್ವಾ? ಆಮೇಲೆ ಒಬ್ರಾದ್ರೂ ನೆಮ್ಮದಿಯಾಗಿ ಒಂದು ತುಂಡು ಬಾಯಿಗಿಡೋಕೆ ಆಯ್ತದಾ?’

ಅವರು ಹೇಳುವುದರಲ್ಲಿ ಸತ್ಯವಿತ್ತು, ಅದೇ ಕಷ್ಟ. ಹೂಂ ಅಂದರೆ ಎಲ್ಲ ಮೊದಲಿನ ಹಾಗೆ. ಕತ್ತಿನ ಮಾಂಸ, ತಮಟೆ, ಹೊಸ ಮರಿ. ಶಾಯಿಯ ಡಬ್ಬಿಯನ್ನು ನನ್ನ ಮುಂದಕ್ಕೆ ತಳ್ಳಿದರು.

‘ನಾನು ಕೇಳ್ಲಿಲ್ಲ ಗೌಡ್ರೇ’ ಎಂದೆ. ‘ಹಂದಿ ಹೇಳಿದ್ರಾಗೆ ಒಂದು ಅಕ್ಷರ ಕೇಳ್ಲಿಲ್ಲ. ನನ್ನ ಗೆಜ್ಜೆನೂ ಕೇಳ್ಲಿಲ್ಲ. ಕೇಳ್ದೇನೇ ಸತ್ಳು.’

ಸಭೆಯಲ್ಲಿ ಯಾರೋ ಥೂ ಎಂದರು. ಉಪಾಧ್ಯಕ್ಷರು ಎದ್ದು, ಹಾಗಾದರೆ ತಮಟೆ ಕಸಿದುಕೊಳ್ಳಿ, ಊರೊಳಗೆ ನೀರು ಬೆಂಕಿ ನಿಲ್ಲಿಸಿ ಎಂದು ಏನೇನೋ ಶುರುಮಾಡಿದರು. ಅವರು ಮಾತು ಮುಗಿಸಲಿಲ್ಲ. ಮೇಜಿನ ಕೆಳಗಿಂದ ಕರ್ ಕರ್ ಎಂದು ಕೆರೆಯುವ ಸದ್ದು ಬರತೊಡಗಿತು.

ಮೊದಲು ಯಾರೂ ಕೇಳಿಸದವರ ಹಾಗಿದ್ದರು. ಕಾರ್ಯದರ್ಶಿ ಕೆಮ್ಮಿದರು. ಒಬ್ಬರು ಫ್ಯಾನು ಜೋರು ಮಾಡಿದರು. ಕೆರೆತ ನಿಲ್ಲಲಿಲ್ಲ, ಆಮೇಲೆ ಮೇಜಿನ ಕಾಲಿಗೆ ಏನನ್ನೋ ಉಜ್ಜುವ ಸದ್ದು, ಮೇಜೇ ಅಲ್ಲಾಡುವಷ್ಟು. ಗೌಡರು ಕೆಳಗೆ ನೋಡಲಿಲ್ಲ. ನನ್ನನ್ನು ನೋಡಿದರು. ಮುಖದಲ್ಲಿ ರಕ್ತವಿರಲಿಲ್ಲ.

‘ಜವರ’ ಎಂದರು. ‘ತಮಟೆ ತಗಳಲಾ. ಬಾರ್ಸು.’

ಆಗ ನನಗೆ ಖುಷಿಯಾಯಿತು. ಪಾಪ ಬಂದರೆ ಬರಲಿ, ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಚೆನ್ನಾಗಿಯೇ ಖುಷಿಯಾಯಿತು. ಆಮೇಲೆ ಹುಲಿ ಮೇಜಿನ ಕೆಳಗಿಂದ ಹೊರಗೆ ಬಂತು. ಒಂದು ಕೆನ್ನೆಯ ಕೂದಲು ಆಗಲೇ ಹೋಗಿತ್ತು, ಜೊಲ್ಲು ನೆಲಕ್ಕೆ ಇಳಿಯುತ್ತಿತ್ತು. ಸೋಫಾದ ನಾಯಿಯಾದರೇನು, ಅದೂ ಎಲ್ಲರ ಮುಖ ನೋಡುತ್ತಿತ್ತು. ನನ್ನ ಕೈ ತಮಟೆಯ ಕಡೆ ಹೋಗಲಿಲ್ಲ.

‘ಬಾರ್ಸಲಾ!’ ಎಂದು ಗೌಡರು ಕೂಗಿದರು.

‘ಕೆಳಗೆ ಕೂತ್ಕಳಿ ಗೌಡ್ರೇ’ ಎಂದೆ. ‘ತಲೆ ಹಿಡ್ಕಳಿ. ಬಿಟ್ರೆ ಮುಖ ಕಿತ್ಕಂಬುಡ್ತದೆ. ನಿಮ್ಮನ್ನ ಕಚ್ಚಾಕಿಲ್ಲ.’

ಆ ಕಾಲಿನಲ್ಲಿ ನೆಲಕ್ಕೆ ಕೂರುವುದು ಅವರಿಗೆ ಸುಲಭವಿರಲಿಲ್ಲ. ಮೇಜು ಹಿಡಿದು, ಹಲ್ಲು ಕಚ್ಚಿ, ನರಳುತ್ತಾ ಕೂತರು. ಹುಲಿಯ ತಲೆಯನ್ನು ಎದೆಗೆ ಒತ್ತಿಕೊಂಡರು. ಹುಲಿ ಒದ್ದಾಡಿತು, ಅವರು ಬಿಡಲಿಲ್ಲ.

‘ಏನ್ಲಾ ಇದು?’ ಎಂದರು. ‘ಏನಾಗ್ತೈತೆ ಇದಕ್ಕೆ? ಹೇಳ್ಲಾ.’

ನಮ್ಮೂರಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನನ್ನು ಆ ಮಾತು ಕೇಳಿದ್ದನ್ನು ನಾನು ಕಂಡಿರಲಿಲ್ಲ. ನಾನು ಅವರ ಎದುರಿಗೆ ಕೂತು ಹೇಳಿದೆ. ಡಾಕ್ಟರು ಹೇಳಿದ್ದನ್ನು ಒಂದನ್ನೂ ಬಿಡಲಿಲ್ಲ. ಹಂದಿ, ಹಸಿ ಕರುಳು, ಮದ್ದಿಲ್ಲ, ನಾಳೆ ಮಧ್ಯಾಹ್ನ, ಸೂಜಿ. ಅವರ ಕಾಲಿನ ವಿಷಯವನ್ನೂ ಹೇಳಿದೆ, ಅದಕ್ಕೆ ಮದ್ದು ಇರಬಹುದು, ಆಸ್ಪತ್ರೆಗೆ ಹೋಗಿ, ಈ ಸಲ ಚೀಟಿಯನ್ನು ಕೆರೆಗೆ ಹಾಕದೆ ಬಿಚ್ಚಿ ನೋಡಿ ಎಂದೆ. ಸಂಘದವರೆಲ್ಲ ಗೋಡೆಗೆ ಒರಗಿ ಎರಡೂ ಕಿವಿಗೆ ಬೆರಳು ತುರುಕಿಕೊಂಡು ನಿಂತಿದ್ದರು. ಗೌಡರೊಬ್ಬರು ಮಾತ್ರ ಕಿವಿ ಮುಚ್ಚಿಕೊಳ್ಳಲಿಲ್ಲ. ಅವರ ಎರಡೂ ಕೈ ಹುಲಿಯ ತಲೆಯ ಮೇಲಿದ್ದವು.